ಸಂದಿಯಲ್ಲಿ ಕೂತ ಆಮ್ಲಜನಕ

ಮಾರುಕಟ್ಟೆಗೆ ಬರುವ ಶುದ್ಧ ಟೈಟಾನಿಯಂನಲ್ಲಿ ನಾಲ್ಕು ದರ್ಜೆಗಳಿವೆ. ಒಂದನೇ ದರ್ಜೆಯಲ್ಲಿ ತೂಕದ ಲೆಕ್ಕಕ್ಕೆ ಶೇ 0.18ರವರೆಗೆ ಆಮ್ಲಜನಕ ಇರಬಹುದು, ನಾಲ್ಕನೆಯದರಲ್ಲಿ ಶೇ 0.40ರವರೆಗೆ. ಮುಖ್ಯವಾಗಿ ಇಷ್ಟು ವ್ಯತ್ಯಾಸದಿಂದಲೇ, ಲೋಹ ಮತ್ತೆ ನೆಟ್ಟಗಾಗದಂತೆ ಬಾಗಲು ಬೇಕಾದ ಕನಿಷ್ಠ ಒತ್ತಡ ಸುಮಾರು 170 ಮೆಗಾಪಾಸ್ಕಲ್‌ನಿಂದ 480ಕ್ಕೆ ಏರುತ್ತದೆ. ಬೆಲೆಯನ್ನೂ ತೆರಬೇಕು: ತುಂಡಾಗುವ ಮುನ್ನ ಅದು ಹಿಗ್ಗುವ ಕನಿಷ್ಠ ಪ್ರಮಾಣ ಶೇ 24ರಿಂದ 15ಕ್ಕೆ ಇಳಿಯುತ್ತದೆ. ಆಮ್ಲಜನಕ, ಸಾರಜನಕ, ಇಂಗಾಲದ ಪರಮಾಣುಗಳು ತೀರ ಸಣ್ಣವು. ಅವು ಲೋಹದ ಪರಮಾಣುವನ್ನು ಎಬ್ಬಿಸಿ ಅದರ ಜಾಗ ಹಿಡಿಯುವುದಿಲ್ಲ, ನಡುವಿನ ಸಂದಿಗೆ ನುಗ್ಗುತ್ತವೆ. ಆದರೆ ಸಂದಿ ಅವಕ್ಕಿಂತಲೂ ಕಿರಿದು, ಹಾಗಾಗಿ ಸುತ್ತಲಿನ ಹರಳು ಬಿಗಿದು ಉಬ್ಬುತ್ತದೆ. ಲೋಹ ಬಾಗುವುದೆಂದರೆ ಹರಳಿನೊಳಗೆ ಪರಮಾಣುಗಳ ಸಾಲು ತಪ್ಪಿದ ಗೆರೆಗಳು ಜಾರುತ್ತ ಸಾಗುವುದು. ಬಿಗಿದ ಜಾಗದಲ್ಲಿ ಆ ಗೆರೆಗಳು ತಡೆದು ನಿಲ್ಲುತ್ತವೆ, ಲೋಹ ಗಟ್ಟಿಯಾಗುತ್ತದೆ. ಜಾರಲು ದಾರಿಯೇ ಇಲ್ಲದಾದಾಗ ಬಿರಿಯುತ್ತದೆ. ಮೂಸೆಯಲ್ಲಿ ಕಬ್ಬಿಣಕ್ಕೆ ಇಂಗಾಲ ಕೂಡಿಸಿ ಉಕ್ಕು ಮಾಡುತ್ತಿದ್ದ ಮೈಸೂರು ಸೀಮೆಯ ಕುಲುಮೆಗಳಿಗೂ ಈ ಕೊಡುಕೊಳ್ಳುವಿಕೆ ಗೊತ್ತಿತ್ತು. ಇಂಗಾಲ ಏರಿದಷ್ಟೂ ಉಕ್ಕು ಗಡುಸು, ಅಷ್ಟೇ ಪೆಡಸು.

ಈ ಹಳೆಯ ನಿಯಮ ಪ್ರಕೃತಿಯ ಕಟ್ಟಳೆಯಲ್ಲ, ಒಂದೇ ಧಾತುವಿನ ಪ್ರಾಬಲ್ಯವಿರುವ ಲೋಹಗಳ ಗುಣ ಎಂಬುದು ನನ್ನ ವಾದ. ಅದಕ್ಕೆ ಆಧಾರ ಒದಗಿದ್ದು ಹೈ ಎಂಟ್ರೊಪಿ ಮಿಶ್ರಲೋಹಗಳಿಂದ. 2004ರಲ್ಲಿ ಇಂಗ್ಲೆಂಡಿನ ಬ್ರಯಾನ್ ಕ್ಯಾಂಟರ್ ಮತ್ತು ತೈವಾನಿನ ಜಿಯೆನ್-ವೆಯ್ ಯೆ ಅವರ ತಂಡಗಳು ಬೇರೆ ಬೇರೆಯಾಗಿ ಇವನ್ನು ಪ್ರಕಟಿಸಿದವು. ಇಲ್ಲಿ ಒಂದು ಲೋಹ ಯಜಮಾನ, ಉಳಿದವು ಚಿಟಿಕೆಯಷ್ಟು ಎಂಬ ವ್ಯವಸ್ಥೆ ಇಲ್ಲ. ನಾಲ್ಕೈದು ಲೋಹಗಳು ಹೆಚ್ಚುಕಡಿಮೆ ಸಮಪಾಲಾಗಿ ಒಂದೇ ಹರಳಿನಲ್ಲಿ ಬೆರೆತಿರುತ್ತವೆ. ಕಬ್ಬಿಣದಲ್ಲಿ ಇಂಗಾಲ ಯಾವ ಸಂದಿಯಲ್ಲಿ ಕೂತರೂ ಅದನ್ನು ಮುತ್ತಿರುವ ಆರು ಪರಮಾಣುಗಳೂ ಕಬ್ಬಿಣವೇ. ಸಮಪಾಲು ಮಿಶ್ರಲೋಹದಲ್ಲಿ ಹಾಗಲ್ಲ. ಒಂದು ಸಂದಿಯ ನೆರೆಹೊರೆ ಇನ್ನೊಂದರಂತಿಲ್ಲ, ಸಣ್ಣ ಪರಮಾಣುವಿಗೆ ಆಯ್ಕೆಯ ಅವಕಾಶ ಸಿಗುತ್ತದೆ.

ಆ ಆಯ್ಕೆಯ ಫಲ ಕಣ್ಣಿಗೆ ಬಿದ್ದದ್ದು 2018ರಲ್ಲಿ, 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಿಂದ. ಬೀಜಿಂಗಿನ ಸಂಶೋಧಕರು ಟೈಟಾನಿಯಂ, ಜಿರ್ಕೋನಿಯಂ, ಹಾಫ್ನಿಯಂ, ನಯೋಬಿಯಂ ಸಮನಾಗಿರುವ ಮಿಶ್ರಲೋಹಕ್ಕೆ ನೂರು ಪರಮಾಣುಗಳಿಗೆ ಎರಡರಂತೆ ಆಮ್ಲಜನಕ ಸೇರಿಸಿದರು. ಎಳೆತದ ಬಲ ಸುಮಾರು ಶೇ 48ರಷ್ಟು ಏರಿತು. ಹಿಗ್ಗುವ ಗುಣ ಕುಗ್ಗಬೇಕಿತ್ತು. ಅದು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕಾರಣ ಹುಡುಕಲು ಬಳಸಿದ ಸಾಧನಗಳಲ್ಲಿ ಅಟಮ್ ಪ್ರೋಬ್ ಒಂದು. ಲೋಹವನ್ನು ಸೂಜಿಮೊನೆಗಿಂತ ಎಷ್ಟೋ ಪಾಲು ಚೂಪಾಗಿಸಿ, ವಿದ್ಯುತ್ ಒತ್ತಡ ಕೊಟ್ಟು, ತುದಿಯ ಪರಮಾಣುಗಳನ್ನು ಒಂದೊಂದಾಗಿ ಕಿತ್ತು ಹಾರಿಸುತ್ತಾರೆ. ಹಾರಲು ಹಿಡಿದ ಹೊತ್ತಿನಿಂದ ಅದು ಯಾವ ಧಾತು ಎಂದು ತಿಳಿಯುತ್ತದೆ, ಬಡಿದ ಜಾಗದಿಂದ ಅದು ಎಲ್ಲಿತ್ತು ಎಂದು. ಆಮ್ಲಜನಕ ಎಲ್ಲೆಡೆ ಚೆದುರಿರಲಿಲ್ಲ. ಟೈಟಾನಿಯಂ, ಜಿರ್ಕೋನಿಯಂ ಹೆಚ್ಚಿರುವ ನೆರೆಯನ್ನು ಆರಿಸಿಕೊಂಡು, ಕ್ರಮಬದ್ಧವಾದ ಪುಟ್ಟ ಗುಂಪುಗಳನ್ನು ಕಟ್ಟಿತ್ತು. ಆಮ್ಲಜನಕವಿಲ್ಲದ ಮಿಶ್ರಲೋಹದಲ್ಲಿ ಜಾರುವ ಗೆರೆಗಳು ಒಂದೇ ತಲಕ್ಕೆ ಅಂಟಿಕೊಂಡು ಸಾಗುತ್ತಿದ್ದವು. ಈ ಗುಂಪುಗಳು ಎದುರಾದಾಗ ಅವು ಪಕ್ಕದ ತಲಕ್ಕೆ ಹೊರಳಿದವು, ಹೊರಳುವಾಗ ಹೊಸ ಗೆರೆಗಳನ್ನು ಹುಟ್ಟಿಸಿದವು. ಹೀಗೆ ಒತ್ತಡ ಒಂದೇ ಕಡೆ ಮಡುಗಟ್ಟದೆ ಲೋಹದ ಉದ್ದಗಲಕ್ಕೂ ಹರಡಿತು. ಅಡ್ಡ ನಿಂತ ತಡೆಯೇ ಹೊಸ ದಾರಿಯನ್ನೂ ತೆರೆದದ್ದು ಇಲ್ಲಿನ ನಿಜವಾದ ಸಂಗತಿ.

ಇದು ಆಮ್ಲಜನಕದ ಮಹಿಮೆ ಮಾತ್ರವಲ್ಲವೇ ಎಂದು ಕೇಳಬಹುದು. ಅದೇ ಮಿಶ್ರಲೋಹಕ್ಕೆ ಸಾರಜನಕ ಹಾಕಿದಾಗ ಬಲ ಏರಿತು, ಹಿಗ್ಗುವಿಕೆ ಇಳಿಯಿತು. ಹಳೆಯ ನಿಯಮ ಹಾಗೇ ಉಳಿಯಿತು. ಈ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅರ್ಧ ಮಾತ್ರ. ಸಂದಿಗಳು ಬಗೆಬಗೆಯಾಗಿದ್ದರೆ ಸಾಲದು, ಒಳಹೊಕ್ಕ ಪರಮಾಣು ಸರಿಯಾದ ನೆರೆಯನ್ನು ಹುಡುಕಿ ಗುಂಪು ಕಟ್ಟಬೇಕು ಎಂಬುದನ್ನು ಅದು ತೋರಿಸುತ್ತದೆ. ಶುದ್ಧ ಟೈಟಾನಿಯಂನಲ್ಲಿ ಇದೇ ಆಮ್ಲಜನಕ ಲೋಹವನ್ನು ಪೆಡಸು ಮಾಡುತ್ತದೆ ಎಂಬುದನ್ನು ಮರೆಯಬಾರದು. ಇನ್ನು, ಇದು ಒಂದೇ ಮಿಶ್ರಲೋಹದ ಆಕಸ್ಮಿಕವೂ ಅಲ್ಲ. ಜರ್ಮನಿಯ ಡ್ಯುಸೆಲ್‌ಡಾರ್ಫ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2017ರಲ್ಲಿ ಕಬ್ಬಿಣ, ಮ್ಯಾಂಗನೀಸ್, ಕೋಬಾಲ್ಟ್, ಕ್ರೋಮಿಯಂ ಇರುವ ಮಿಶ್ರಲೋಹಕ್ಕೆ ಇನ್ನೂರು ಪರಮಾಣುಗಳಿಗೆ ಒಂದರಂತೆ ಇಂಗಾಲ ಸೇರಿಸಿ, ಸುಮಾರು 1000 ಮೆಗಾಪಾಸ್ಕಲ್ ಬಲವನ್ನೂ ಸುಮಾರು ಶೇ 60ರಷ್ಟು ಹಿಗ್ಗುವಿಕೆಯನ್ನೂ ಒಟ್ಟಿಗೆ ಪಡೆದರು. ಅಲ್ಲಿನ ದಾರಿ ಬೇರೆ: ಎಳೆದಾಗ ಹರಳು ಅಲ್ಲಲ್ಲಿ ತನ್ನದೇ ಕನ್ನಡಿ ಪ್ರತಿಬಿಂಬವಾಗಿ ಮಗುಚುತ್ತದೆ, ಇನ್ನು ಕೆಲವೆಡೆ ರಚನೆಯನ್ನೇ ಬದಲಿಸುತ್ತದೆ. ಅದರಲ್ಲಿ ಅರ್ಧದಷ್ಟು ಕಬ್ಬಿಣವೇ ಇರುವುದರಿಂದ ಹೈ ಎಂಟ್ರೊಪಿ ಎನ್ನಬಹುದೇ ಎಂಬ ತಕರಾರಿದೆ. ಹೆಸರಿನ ಜಗಳ ನನಗೆ ಮುಖ್ಯವೆನಿಸುವುದಿಲ್ಲ. ಬೆರಕೆ ಎಷ್ಟು ಅಸ್ತವ್ಯಸ್ತ ಎಂಬುದಕ್ಕಿಂತ ಯಾರ ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಫಲವನ್ನು ನಿರ್ಧರಿಸುತ್ತದೆ.

ಮಿತಿಯೂ ಇದೆ. ಸಂದಿಗಳು ಹಿಡಿದಿಡಬಲ್ಲ ಪ್ರಮಾಣ ಮೀರಿದರೆ ಇಂಗಾಲ ಕ್ರೋಮಿಯಂ ಜತೆ ಸೇರಿ ಕಾರ್ಬೈಡ್ ಆಗುತ್ತದೆ. ಅದು ಹರಳಿನ ಕಣಗಳ ಅಂಚಿನಲ್ಲಿ ಸಾಲುಗಟ್ಟಿದರೆ ಬಿರುಕಿಗೆ ಹಾದಿ. ಟೈಟಾನಿಯಂ, ಜಿರ್ಕೋನಿಯಂ, ಹಾಫ್ನಿಯಂಗಳಂತೂ ಕಾದಾಗ ಗಾಳಿಯ ಆಮ್ಲಜನಕವನ್ನು ಬಾಚಿ ಒಳಗೆಳೆಯುತ್ತವೆ. ನಿರ್ವಾತದಲ್ಲೋ ಆರ್ಗಾನ್ ಅನಿಲದಲ್ಲೋ ಕರಗಿಸಿದರೂ ಸ್ವಲ್ಪ ಸೇರಿಯೇ ಸೇರುತ್ತದೆ. ಹಾಗಿರುವಾಗ ಲೋಹಗಳ ಪಾಲನ್ನು ಮಾತ್ರ ಬರೆದು, ಒಳಗಿರುವ ಆಮ್ಲಜನಕ, ಸಾರಜನಕ, ಇಂಗಾಲವನ್ನು ಅಳೆಯದೆ ಪ್ರಕಟಿಸಿದ ಬಲದ ಅಂಕಿಯನ್ನು ಪೂರ್ತಿ ಮಾಹಿತಿ ಎಂದು ಒಪ್ಪಬಾರದು.