ಬೆವರಿನ ಉಪಕಾರ

ಕಾಗಿನೆಲೆಯ ಸುತ್ತಣ ಹೊಲಗಳಲ್ಲಿ ಬೇಸಗೆಯ ನಡುಹಗಲಿನ ಗಾಳಿಯು ಮುಂಜಾವಿನದಕ್ಕಿಂತ ಹತ್ತು ಹದಿನೈದು ಡಿಗ್ರಿಗಳಷ್ಟು ಬಿಸಿಯಾಗಿರುತ್ತದೆ. ಆದರೆ ಅಲ್ಲಿ ದುಡಿಯುವ ಆರೋಗ್ಯವಂತರ ಒಡಲೊಳಗಿನ ಉಷ್ಣತೆಯು ಸುಮಾರು 37 ಡಿಗ್ರಿ ಸೆಂಟಿಗ್ರೇಡಿನಿಂದ ಒಂದೆರಡು ಡಿಗ್ರಿಗಿಂತ ಆಚೆ ಸರಿಯುವುದಿಲ್ಲ. ಹೊರಗಿನ ಜಗತ್ತು ಇಷ್ಟು ಬದಲಾಗುತ್ತಿರಲು ಒಳಗಿನ ಜಗತ್ತು ಹೀಗೆ ನೆಲೆಯಾಗಿ ನಿಲ್ಲುವುದು ಹೇಗೆ?

ನಮ್ಮ ಶರೀರದ ಜೀವಕೋಶಗಳಲ್ಲಿ ಬಹುಪಾಲು ಹೊರಗಿನ ಗಾಳಿಯನ್ನು ಕಾಣವು; ತಮ್ಮನ್ನು ಸುತ್ತುವರಿದ ದ್ರವದಲ್ಲಿ ಅವು ಬದುಕುತ್ತವೆ. ಆ ದ್ರವದ ಉಷ್ಣತೆ, ಉಪ್ಪು, ಸಕ್ಕರೆಗಳು ಗೊತ್ತಾದ ಎಲ್ಲೆಯೊಳಗಿದ್ದರೆ ಮಾತ್ರ ಅವುಗಳ ಕೆಲಸ ಸಾಗುತ್ತದೆ. ಫ್ರಾನ್ಸಿನ ಕ್ಲೋದ್ ಬರ್ನಾರ್ (1813–1878) ಈ ತತ್ತ್ವವನ್ನು ಎತ್ತಿ ತೋರಿಸಿದನು. ಅಮೆರಿಕದ ವಾಲ್ಟರ್ ಕ್ಯಾನನ್ 1926ರಲ್ಲಿ ಇದಕ್ಕೆ ‘ಹೋಮಿಯೊಸ್ಟೇಸಿಸ್’ ಎಂದು ಹೆಸರಿಟ್ಟನು. ನಾವು ಇದನ್ನು ಆಂತರಿಕ ಸಮತೋಲವೆನ್ನಬಹುದು.

ನೆತ್ತರು ಬಿಸಿಯಾದೊಡನೆ ಮಿದುಳಿನ ಬುಡದಲ್ಲಿರುವ ಹೈಪೊಥಲಮಸ್ ಅದನ್ನು ಅರಿಯುತ್ತದೆ. ಅದರ ಆಣತಿಯಂತೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಳಗಿನ ಕಾವನ್ನು ಹೊತ್ತ ನೆತ್ತರು ಮೈಯ ಹೊರಪದರದತ್ತ ಹರಿಯುತ್ತದೆ. ಆದರೆ ಗಾಳಿಯೇ ಮೈಗಿಂತ ಬಿಸಿಯಾದಾಗ ಕಾವು ಹೊರಗೆ ಹೋಗುವುದೆಂತು? ಆಗ ಉಳಿಯುವ ಉಪಾಯ ಬೆವರೊಂದೇ. ಮಣ್ಣಿನ ಹರವಿಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಂಪುಗೊಳಿಸುವುದಷ್ಟೆ. ಚರ್ಮದ ಮೇಲೆ ನಡೆಯುವುದೂ ಅದೇ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೊಕ್ಯಾಲೊರಿ ಶಾಖವನ್ನು ಕೊಂಡೊಯ್ಯುತ್ತದೆ.

ಈ ಏರ್ಪಾಟು ನರಗಳು ತರುವ ಸುದ್ದಿಯನ್ನು ನಂಬಿ ನಡೆಯುತ್ತದೆ. ಸುಳ್ಳು ಸುದ್ದಿಗೂ ಅದು ಓಗೊಡುತ್ತದೆ. ನೆರೆಯ ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದುದು. ಅದರಲ್ಲಿ ಖಾರ ಕಡಿಮೆ. ಕಡುಖಾರದ ಕಾಯಿ ತಿಂದಾಗಲಾದರೋ ಹಣೆ ಬೆವರುತ್ತದೆ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್, ನಾಲಗೆಯಲ್ಲಿ ಸುಡುವ ಬಿಸಿಯನ್ನು ಗುರುತಿಸುವ ನರಗಳನ್ನೇ ಕೆರಳಿಸುತ್ತದೆ. ಆ ನರಗಳಲ್ಲಿರುವ ಗ್ರಾಹಕವನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಪತ್ತೆಹಚ್ಚಿದರು; 2021ರ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ ಪಾಲು ಪಡೆದರು.

ಬೆವರಿನ ಉಪಕಾರಕ್ಕೆ ಬೆಲೆಯುಂಟು. ಅದರೊಡನೆ ನೀರೂ ಉಪ್ಪೂ ಹೋಗುತ್ತವೆ. ನೆತ್ತರಿನಲ್ಲಿ ನೀರಿನಂಶ ಕುಗ್ಗಿದೊಡನೆ ಬಾಯಾರಿಕೆ ಹುಟ್ಟುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಹೊರಟ ಹಾರ್ಮೋನು, ನೀರನ್ನು ಉಳಿಸಿಕೊಳ್ಳುವಂತೆ ಮೂತ್ರಪಿಂಡಗಳಿಗೆ ತಿಳಿಸುತ್ತದೆ. ಬಿಸಿಲಲ್ಲಿ ದುಡಿದವರ ಮೂತ್ರ ಕಡಿಮೆಯಾಗಿ ಹಳದಿಗಟ್ಟುವುದು ಇದರಿಂದಲೇ. ಚರ್ಮ ವೆಚ್ಚಮಾಡಿದುದನ್ನು ಮೂತ್ರಪಿಂಡ ಉಳಿತಾಯದಿಂದ ಸರಿದೂಗಿಸಲು ಹೆಣಗುತ್ತದೆ. ಆದರೆ ಉಳಿತಾಯದಿಂದ ಹೊಸ ನೀರು ಹುಟ್ಟದು, ನಾವು ಕುಡಿಯಲೇಬೇಕು. ಉಪ್ಪು ಬೆರೆಸಿದ ನೀರುಮಜ್ಜಿಗೆಯು ಹೋದ ಎರಡನ್ನೂ ಮರಳಿ ಕೊಡುತ್ತದೆ.

ಸಮತೋಲಕ್ಕೆ ಮಿತಿಯೂ ಉಂಟು. ಗಾಳಿಯಲ್ಲಿ ತೇವ ಹೆಚ್ಚಿದಾಗ ಬೆವರು ಆರದೆ ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪುಮಾಡದು. ಒಳಗಿನ ಉಷ್ಣತೆ 40 ಡಿಗ್ರಿ ದಾಟಿ, ಮಾತು ತೊದಲಿದರೆ ಅಥವಾ ಎಚ್ಚರ ತಪ್ಪಿದರೆ ಪ್ರಾಣಕ್ಕೇ ಅಪಾಯ. ಅಂಥವರನ್ನು ನೆರಳಿಗೆ ಒಯ್ದು, ಮೈಯೆಲ್ಲ ನೀರಿನಿಂದ ತೋಯಿಸಿ, ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹುಯ್ಯಲಾಗದು. ಚರ್ಮವು ಮಾಡಲಾರದೆ ಕೈಬಿಟ್ಟ ಕೆಲಸವನ್ನೇ ಆಗ ನಾವು ಹೊರಗಿನಿಂದ ಮಾಡಿಕೊಡುತ್ತೇವೆ.