ಕೊರಳಿನ ಕಾರ್ಡು, ಹಾಡಿನ ಅಂಕಿತ

ಬೆಳಿಗ್ಗೆ ಪೀಣ್ಯದ ಕಾರ್ಖಾನೆಗೆ ನಡೆದು ಹೋಗುವವರ ಕೊರಳಲ್ಲೂ, ವೈಟ್‌ಫೀಲ್ಡಿನಲ್ಲಿ ಕ್ಯಾಬ್ ಇಳಿಯುವವರ ಕೊರಳಲ್ಲೂ ಐಡಿ ಕಾರ್ಡು ತೂಗುತ್ತಿರುತ್ತದೆ. ಗೇಟು ದಾಟಿದ ಮೇಲೆ ನಾವು ಯಾರೆಂದು ಹೇಳುವುದು ಅದೇ. ಹಾಡು ಕಟ್ಟುವವರಿಗೆ ಮಾತ್ರ ಕನ್ನಡ ಇನ್ನೊಂದು ಗುರುತು ಕೊಟ್ಟಿದೆ: ಅಂಕಿತ. ವಜ್ರದ ವ್ಯಾಪಾರಿ ಎಂದು ಪರಂಪರೆ ನೆನೆಯುವ ಶ್ರೀನಿವಾಸ ನಾಯಕರು ಪುರಂದರ ವಿಠಲನ ಅಂಕಿತದಲ್ಲಿ ಹಾಡುತ್ತಾ ಪುರಂದರದಾಸರಾದರು. ನಮ್ಮ ಕಾಲದಲ್ಲೂ ಜೀವರಸಾಯನಶಾಸ್ತ್ರ ಓದಿ ಮುಂಬೈಯ ಔಷಧ ಕಾರ್ಖಾನೆಯಲ್ಲಿ ದುಡಿದ ಜಯಂತ ಕಾಯ್ಕಿಣಿ, 2006ರ ‘ಮುಂಗಾರು ಮಳೆ’ಯ ಬಳಿಕ ಮನೆಮನೆಯ ಹಾಡುಗಾರಿಕೆಗೆ ಮಾತು ಕೊಟ್ಟರು. ಸೂಕ್ಷ್ಮಜೀವಿ ವಿಜ್ಞಾನ ಓದಿದ ರಘು ದೀಕ್ಷಿತ್ ಗಿಟಾರ್ ಹಿಡಿದು ಶಿಶುನಾಳ ಶರೀಫರ ಪದಗಳನ್ನು ಹೊಸ ತಲೆಮಾರಿಗೆ ಮುಟ್ಟಿಸಿದರು.

ಹಾಡು ಕಟ್ಟಿದವರ ಗುರುತು ಬದಲಾಗುತ್ತದೆ ನಿಜ. ಅದರ ಜೊತೆಗೆ ಮನಸ್ಸೂ ಹಗುರಾಗುವುದೇಕೆ?

ಮೊದಲನೆಯ ಕಾರಣ ಮಾತು. ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿದರೆ ಮಿದುಳಿನ ಒಳಗಿರುವ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗ ಚುರುಕಾಗುತ್ತದೆ. ಆ ಭಾವಕ್ಕೆ ಹೆಸರಿಡಲು ಹೇಳಿದಾಗ ಅದರ ಚಟುವಟಿಕೆ ತಗ್ಗುವುದನ್ನು ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಕಂಡಿತು. ಪಲ್ಲವಿಗೆ ಸರಿಯಾದ ಪದ ಹುಡುಕುವವರು ಮಾಡುವ ಕೆಲಸವೂ ಇದಕ್ಕೆ ಹತ್ತಿರದ್ದೇ. ‘ಏನೋ ಒಂಥರಾ’ ಎನ್ನುವ ಸಂಕಟ ಅಗಲಿಕೆಯೋ, ಅವಮಾನವೋ, ಊರಿನ ನೆನಪೋ ಎಂದು ಅವರಿಗೇ ಸ್ಪಷ್ಟವಾಗುತ್ತದೆ.

ಎರಡನೆಯದು ಉಸಿರು. ಹಾಡುವಾಗ ಗಬಕ್ಕನೆ ಉಸಿರೆಳೆದು ನಿಧಾನಕ್ಕೆ ಬಿಡುತ್ತೇವೆ. ಉಸಿರು ಬಿಡುವ ಹೊತ್ತಿನಲ್ಲಿ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ತುಸು ನಿಧಾನವಾಗುತ್ತದೆ. ಜಪ, ಮಂತ್ರಗಳ ಪುನರಾವರ್ತನೆ ಉಸಿರನ್ನು ನಿಮಿಷಕ್ಕೆ ಸುಮಾರು 6 ಬಾರಿಗೆ ಇಳಿಸಿ ಹೃದಯದ ಲಯದೊಂದಿಗೆ ಹೊಂದಿಸುತ್ತದೆ ಎಂದು ಇಟಲಿಯ ಸಂಶೋಧಕರು 2001ರಲ್ಲಿ ವರದಿ ಮಾಡಿದರು. ನಮ್ಮ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕೂತು ಕಟ್ಟಿದ ತ್ರಿಪದಿಗಳಲ್ಲಿ ಕಲ್ಲಿನ ಸುತ್ತೇ ತಾಳ, ತೋಳಿನ ಎಳೆತವೇ ಉಸಿರಿನ ಅಳತೆ. ತವರಿನ ಹಂಬಲ, ಅತ್ತೆಮನೆಯ ನೋವು ಹಿಟ್ಟಿನೊಂದಿಗೇ ಹೊರಬಂದವು. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಅಂಥ ಪದಗಳ ಭಂಡಾರ.

ಮೂರನೆಯದು ‘ನಾನು’. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ 6 ಮಂದಿ ಜಾಜ್ ಪಿಯಾನೋ ವಾದಕರನ್ನು ಸ್ಕ್ಯಾನರ್‌ನೊಳಗೆ ಮಲಗಿಸಿ ಆಶುವಾಗಿ ನುಡಿಸಲು ಹೇಳಿದರು. ತಪ್ಪಾದೀತೆಂದು ಕಾವಲು ಕಾಯುವ ಮುಂಮಿದುಳಿನ ಕೆಲವು ಭಾಗಗಳು ಸುಮ್ಮನಾದವು. ತನ್ನತನಕ್ಕೆ ಸಂಬಂಧಿಸಿದ ನಡುಭಾಗ ಚುರುಕಾಯಿತು. ಪರಿಚಿತ ರಾಗವೊಂದು ಹಳೆಯ ದಿನವನ್ನು ಕಣ್ಣೆದುರು ತಂದಾಗ ಎಚ್ಚರಗೊಳ್ಳುವುದೂ ಮುಂಮಿದುಳಿನ ಇದೇ ನಡುಭಾಗ. ಹಾಡು ಕಟ್ಟುವವರು ತಮ್ಮ ಬದುಕಿನ ಚೂರುಗಳನ್ನು ಒಂದು ಕಥೆಯಾಗಿ ಹೊಲಿಯುತ್ತಾರೆ ಎಂಬುದು ಬರೀ ಉಪಮೆಯಲ್ಲ ಎಂದು ನನಗೆ ಅನಿಸುವುದು ಇದರಿಂದಲೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ನಂಟನ್ನು ಅಧ್ಯಯನ ಮಾಡುವ ಪ್ರಯೋಗಾಲಯವೇ ಇದೆ. ಆದರೆ ತೀವ್ರ ಖಿನ್ನತೆಗೆ ಹಾಡೊಂದೇ ಮದ್ದಲ್ಲ, ವೈದ್ಯರು ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಕೊರಗನ್ನೇ ಮತ್ತೆ ಮತ್ತೆ ಗುನುಗಿದರೆ ಅದು ಇನ್ನಷ್ಟು ಬೇರೂರುವುದೂ ಉಂಟು. ನೋವಿಗೆ ಮಾತು, ಲಯ, ಕೇಳುವ ಒಂದು ಕಿವಿ ಸಿಕ್ಕಾಗ ಹಾಡು ಆಸರೆಯಾಗುತ್ತದೆ.

ಇದಕ್ಕೆ ಸ್ಟುಡಿಯೋ ಬೇಕಿಲ್ಲ. ಬೀಸುಕಲ್ಲು ಹೋದಲ್ಲಿ ಹೊಲಿಗೆ ಯಂತ್ರ, ಲೇತು, ಕೀಬೋರ್ಡು ಬಂದಿವೆ, ದಣಿವು ಹಳೆಯದೇ. ಎಲೆಕ್ಟ್ರಾನಿಕ್ ಸಿಟಿಯ ಪಿಜಿ ಕೋಣೆಗೆ ರಾತ್ರಿ ಮರಳಿದವರು ಕಾರ್ಡನ್ನು ಮೊಳೆಗೆ ಸಿಕ್ಕಿಸಿ, ಮೊಬೈಲ್‌ನಲ್ಲಿ ತಮ್ಮದೇ ನಾಲ್ಕು ಸಾಲು ಹಾಡಿ ಇಟ್ಟುಕೊಳ್ಳಲಿ. ಕೊನೆಯ ಸಾಲಿಗೆ ಯಾವ ಹೆಸರಿನ ಅಂಕಿತ ಹಾಕಬೇಕೆಂಬುದನ್ನು ಅವರೇ ನಿರ್ಧರಿಸಲಿ.