ಬಿಲ್ಲು ಯಾರ ಮೇಜಿನ ಮೇಲೆ ಕಾಯ್ತಿದೆ?

ಸಿಂಗಪುರದ ಆಂಗ್ ಮೋ ಕಿಯೋದಲ್ಲಿ ಚಿಪ್ ಕಾರ್ಖಾನೆಗಳಿವೆ. ಇಂಥ ಕಡೆ ಯಾವ ಹಂತದಲ್ಲಿ ಎಷ್ಟು ಸರಕು, ಎಷ್ಟು ಹೊತ್ತು ನಿಂತಿದೆ ಅನ್ನೋದಕ್ಕೆ ಪಕ್ಕಾ ಲೆಕ್ಕ ಇರುತ್ತೆ. ಆದರೆ ಕಚೇರಿಯಲ್ಲಿ ನಿಮ್ಮ ಪ್ರಯಾಣದ ಬಿಲ್ಲು ಎಲ್ಲಿ ನಿಂತಿದೆ? ಹೇಳೋರೇ ಇಲ್ಲ. ಹೋಟೆಲಿಗೆ ಕೈಯಿಂದ ಕೊಟ್ಟ ದುಡ್ಡು ಮಾತ್ರ ವಾಪಸ್ ಬಂದಿರಲ್ಲ.

ಇದಕ್ಕೊಂದು ಚಿತ್ರ ಇದೆ: ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್. ಟೊಯೋಟಾ ಕಾರ್ಖಾನೆಯಿಂದ ಬಂದ ಪದ್ಧತಿ. ಪ್ರತಿ ಹಂತಕ್ಕೊಂದು ಚೌಕ ಬರೆಯಿರಿ; ಚೌಕದೊಳಗೆ ಕೆಲಸದ ಸಮಯ, ಚೌಕಗಳ ನಡುವೆ ಕಾಯುವ ಸಮಯ.

ಒಂದು ಉದಾಹರಣೆ ನೋಡೋಣ. ಬಿಲ್ಲು ತುಂಬಲು 10 ನಿಮಿಷ, ಮ್ಯಾನೇಜರ್ ಸಹಿಗೆ 5, ಲೆಕ್ಕಪತ್ರ ವಿಭಾಗದಲ್ಲಿ 15. ಒಟ್ಟು ಅರ್ಧ ಗಂಟೆ. ಆದರೆ ಸಹಿಗಾಗಿ 4 ದಿನ, ಲೆಕ್ಕಪತ್ರದಲ್ಲಿ 5 ದಿನ ಕಾಯಬೇಕು. ದಿನಕ್ಕೆ 8 ಗಂಟೆ ಅಂದರೂ, ನಿಜವಾದ ಕೆಲಸ ಶೇಕಡಾ 1ರಷ್ಟೂ ಇಲ್ಲ! ಗುಮಾಸ್ತರಿಗೆ 'ಬೇಗ ಮಾಡಿ' ಅಂತ ಗದರಿದರೆ ಉಳಿಯೋದು ಕೆಲವು ನಿಮಿಷ ಮಾತ್ರ.

ಈ ಕಾಯುವಿಕೆಗೂ ಸೂತ್ರ ಇದೆ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ್ದು. ಸಹಿಗೆ 40 ಬಿಲ್ಲು ಕಾದಿವೆ, ದಿನಕ್ಕೆ ಸರಾಸರಿ 10 ಮುಗಿಯುತ್ತವೆ ಅಂದರೆ ಸರಾಸರಿ ಕಾಯುವಿಕೆ 4 ದಿನ. ಸಣ್ಣ ಮೊತ್ತದ ಬಿಲ್ಲಿಗೆ ಸಹಿಯೇ ಬೇಡ ಅಂತ ಮಾಡಿದರೆ ಸಾಲು ತಾನಾಗಿ ಕರಗುತ್ತೆ.

ಇನ್ನೊಂದು ಅಳತೆ, ಮೊದಲ ಸಲವೇ ಸರಿ ಇರೋ ಪ್ರಮಾಣ. ಮೂರೂ ಹಂತದಲ್ಲಿ ಶೇಕಡಾ 90 ಸರಿ ಇದ್ದರೂ, ಕೊನೆಗೆ ತಪ್ಪಿಲ್ಲದೆ ದಾಟೋದು 100ಕ್ಕೆ 73 ಮಾತ್ರ.

ಒಂದು ಎಚ್ಚರ: ಅಳೆಯಬೇಕಾದ್ದು ಬಿಲ್ಲಿನ ದಾರಿಯನ್ನು, ಮನುಷ್ಯರನ್ನಲ್ಲ. ಜನ ಹೆದರಿದರೆ ಅಂಕಿಗಳೂ ಸುಳ್ಳು ಹೇಳುತ್ತವೆ. ನಾಳೆ ಒಂದು ಹಾಳೆ ತಗೊಳ್ಳಿ, ಬಿಲ್ಲಿನ ಹಿಂದೆಯೇ ನಡೆದು ನೋಡಿ.